ಭರಣಿಗೆ ಬಿದ್ದ ಕಾಳುಗಳು

ಫೆಬ್ರವರಿ ೧೨

ಅಕ್ಕಾ,

ನೀನು ಆಸ್ಪತ್ರೆಯ ವ್ಯಾನು ಹತ್ತಿ ಬೆಟ್ಟಕ್ಕೆ ಹೋದ ಮೇಲೆ ನೆಮ್ಮದಿಯಾಗಿ ಕೂತು ಬರೆಯುತ್ತಿರುವುದು ಇದೇ ಮೊದಲು. ಅಂಗಡಿಯಲ್ಲಿ ಆಲ್ಟರೇಷನ್ ಕೆಲಸ ರಾಶಿ ಬಿದ್ದಿದೆ. ಚಳಿಯಲ್ಲಿ ಮನೆಯೊಳಗೇ ಕೂತು ತಿಂದವರೆಲ್ಲ ಪ್ಯಾಂಟಿನ ಸೊಂಟ ಬಿಡಿಸಿಕೊಳ್ಳಲು ಬರುತ್ತಿದ್ದಾರೆ. 'ಬಟ್ಟೆ ಒಗೆದು ಒಗೆದು ಗಿಡ್ಡ ಆಗಿದೆ' ಅನ್ನುತ್ತಾರೆ. ನಾನೂ ಹೌದು ಹೌದು ಅನ್ನುತ್ತೇನೆ.

ನಿನ್ನ ಮಗಳು ಚೆನ್ನಾಗಿದ್ದಾಳೆ. ಮೊದಲು ಅದನ್ನೇ ಬರೆಯಬೇಕಿತ್ತು. ಗುಂಡಿ ಗುಂಡಿಯ ಹಾಗೇ ಇದ್ದಾಳೆ, ದುಂಡಗೆ, ಮಿಣಮಿಣ ಅಂತ, ಹೊಲಿದ ಜಾಗದಲ್ಲಿ ಒಂದು ಗಳಿಗೆ ನಿಲ್ಲದೆ. ಸಿಸ್ಟರುಗಳ ಶಾಲೆ ನಮಗೆ ಒಗ್ಗುತ್ತದೋ ಇಲ್ಲವೋ ಅಂತ ನೀನು ಅನುಮಾನಪಟ್ಟಿದ್ದೆಯಲ್ಲ. ನಾನು ಅಂಗಡಿ ಮುಚ್ಚುವ ತನಕ ಮಕ್ಕಳನ್ನು ಇಟ್ಟುಕೊಳ್ಳುವ ಶಾಲೆ ಅದೊಂದೇ, ಬೇರೆ ದಾರಿ ಇರಲಿಲ್ಲ. ದೇವರ ವಿಷಯಕ್ಕೆ ನಮ್ಮ ಮನೆಯಲ್ಲಿ ಯಾರೂ ಅಷ್ಟು ತಲೆ ಕೆಡಿಸಿಕೊಂಡವರಲ್ಲ. ಈಗ ನಮ್ಮೆಲ್ಲರ ಪಾಲನ್ನೂ ಸೇರಿಸಿ ಇವಳೊಬ್ಬಳೇ ಕೆಡಿಸಿಕೊಳ್ಳುತ್ತಿದ್ದಾಳೆ.

ಪ್ರತಿಯೊಬ್ಬರಿಗೂ ಒಬ್ಬ ಕಾವಲುದೂತ ಇರುತ್ತಾನಂತೆ. ಎರಡನೇ ಕ್ಲಾಸಿನ ಸಿಸ್ಟರ್ ಹೇಳಿಕೊಟ್ಟಿದ್ದಾರೆ. ಅವನಿಗೆ ಜಾಗ ಬೇಕಲ್ಲ ಅಂತ ಇವಳು ಕುರ್ಚಿಯ ತುದಿಯಲ್ಲಿ ಕೂರುತ್ತಾಳೆ. ಮಂಚದ ಮೇಲೂ ಅವನಿಗೆ ಜಾಗ ಬಿಡಬೇಕು, ಹಾಗಾಗಿ ನಾನು ಗೋಡೆಗೆ ಅಂಟಿಕೊಂಡು ಮಲಗುತ್ತೇನೆ. ಮೊನ್ನೆ ಬಸ್ಸಿನಲ್ಲಿ ಒಬ್ಬ ದಪ್ಪ ಮನುಷ್ಯ ಪಕ್ಕದಲ್ಲಿ ಕೂರಲು ಬಂದರೆ, "ಅಲ್ಲಿ ಆಗಲೇ ಒಬ್ರು ಇದ್ದಾರೆ" ಅಂದುಬಿಟ್ಟಳು. ನೀನು ಕಂಡಕ್ಟರ್ ಡ್ಯೂಟಿಯಲ್ಲಿದ್ದಿದ್ದರೆ ಆ ದೂತನಿಗೂ ಒಂದು ಟಿಕೆಟ್ ಹರಿಯುತ್ತಿದ್ದೆ.

ಒಂದೇ ಒಂದು ತೊಂದರೆ. ದಿನಾ ಸಂಜೆ ಚಪ್ಪಲಿ ಬಿಡುವ ಮುಂಚೆಯೇ, "ಅಮ್ಮಂಗೆ ಎಷ್ಟು ವಾಸಿ ಆಯ್ತು?" ಅಂತ ಕೇಳುತ್ತಾಳೆ. ಸ್ವಲ್ಪ ಅಂದರೆ ಸಾಲದು. ಎರಡು ಬೆರಳು ಅಗಲಿಸಿ, "ಇಷ್ಟಾ? ಇಷ್ಟಾ?" ಅಂತ ಹಿಡಿದುಕೊಂಡು ನಿಲ್ಲುತ್ತಾಳೆ. ಎರಡು ವರ್ಷದ ಹಿಂದೆ ಅವಳಪ್ಪ ಸಾಯುವ ಮುಂಚೆ ಮಲಗಿದ್ದಾಗಲೂ ಹೀಗೇ ಕೇಳುತ್ತಿದ್ದಳು, ನೆನಪಿದೆಯಾ? ಆಗ ನಾವಿಬ್ಬರೂ ಏನೂ ಹೇಳದೆ ಆಚೆ ಕಳಿಸುತ್ತಿದ್ದೆವು. ಈ ಸಲ ಹಾಗೆ ಮಾಡಲು ಮನಸ್ಸಿಲ್ಲ. ಬೇಗ ಬರಿ. ಅವಳಿಗೆ ಹೇಳಲು ಏನಾದರೂ ಕೊಡು.

ನಿನ್ನ ತಂಗಿ


ಫೆಬ್ರವರಿ ೨೧

ತಂಗೀ,

ಕಾವಲುದೂತನಿಗೆ ಅರ್ಧ ಟಿಕೆಟ್. ತೊಡೆಯ ಮೇಲೆ ಕೂತರೆ ಪುಕ್ಕಟೆ. ಅವಳಿಗೆ ಹೇಳು.

ಕೈಬರಹ ನೋಡಿ ಗಾಬರಿಯಾಗಬೇಡ, ಮಲಗಿಕೊಂಡು ಬರೆಯುತ್ತಿದ್ದೇನೆ. ಇಲ್ಲಿ ನಮ್ಮನ್ನು ಉದ್ದನೆಯ ಜಗಲಿಯಲ್ಲಿ ಸಾಲಾಗಿ ಮಲಗಿಸಿದ್ದಾರೆ. ಒಂದು ಕಡೆ ಗೋಡೆಯೇ ಇಲ್ಲ, ಕ್ಷಯಕ್ಕೆ ತಣ್ಣನೆ ಗಾಳಿ ಒಳ್ಳೆಯದಂತೆ. ನಿಲ್ದಾಣ ಬಿಡದೆ ನಿಂತುಹೋದ ಬಸ್ಸಿನ ಹಾಗೆ ಕಾಣುತ್ತದೆ. ಎಲ್ಲರೂ ಹತ್ತಿ ಕೂತಿದ್ದೇವೆ, ಡ್ರೈವರ್ ಮಾತ್ರ ಟೀ ಕುಡಿಯಲು ಹೋದವನು ಬಂದಿಲ್ಲ. ಒಬ್ಬೊಬ್ಬರ ಪಕ್ಕದಲ್ಲೂ ಕಫ ಉಗುಳಲು ಮುಚ್ಚಳದ ಮಗ್ಗು. ಮಾತು ಕಮ್ಮಿ ಮಾಡಿ ಅನ್ನುತ್ತಾರೆ. ಹದಿನಾಲ್ಕು ವರ್ಷ ಸ್ಟಾಪುಗಳ ಹೆಸರು ಕೂಗಿದವಳಿಗೆ ಈ ಮಾತು! ಎದುರಿನ ಮಂಚದ ಬೇಕರಿಯವಳು ಒಳ್ಳೆಯ ಜೊತೆಯಾಗಿದ್ದಳು. ನಿನ್ನೆ ಅವಳ ಹಾಸಿಗೆಯನ್ನು ಬಿಸಿಲಿಗೆ ಹಾಕಿದ್ದಾರೆ.

ಗುಂಡಿಗೆ ಹೇಳು, ಬುಧವಾರದಿಂದ ಜ್ವರ ಇಳಿದಿದೆ. ಎರಡು ಬೆರಳಿನಲ್ಲಿ ತೋರಿಸುವಷ್ಟಲ್ಲ, ಎರಡೂ ಕೈ ಅಗಲಿಸಿ ತೋರಿಸುವಷ್ಟು ವಾಸಿ ಅಂತ ಹೇಳು. ತೂಕವೂ ಏರುತ್ತಿದೆ ಅನ್ನು.

ಅವಳ ಕತ್ತು ಮುಚ್ಚುವ ಹಾಗೆ ಉಣ್ಣೆ ಬಟ್ಟೆ ಸುತ್ತಿ ಕಳಿಸು.

ಅಕ್ಕ


ಮಾರ್ಚ್ ೩

ಅಕ್ಕಾ,

ನಿನ್ನ ಕಾಗದ ಓದಿ ಹೇಳಿದಾಗ ಅವಳ ಮುಖ ನೀನು ನೋಡಬೇಕಿತ್ತು. ಚಪ್ಪಾಳೆ ತಟ್ಟಿದಳು. ಆಮೇಲೆ ಇದ್ದಕ್ಕಿದ್ದ ಹಾಗೆ ಗಂಭೀರವಾಗಿ, "ಯಾವತ್ತು ಇಳೀತು ಜ್ವರ?" ಅಂದಳು. ಬುಧವಾರ ಅಂದೆ. "ನಂಗೆ ಗೊತ್ತಿತ್ತು" ಅಂದು ಕೈ ತೊಳೆಯಲು ಹೋದಳು. ಏನು ಗೊತ್ತಿತ್ತೋ, ಬಾಯಿ ಬಿಡಲಿಲ್ಲ.

ಶಾಲೆಯಲ್ಲಿ ತಪಸ್ಸುಕಾಲ ಶುರುವಾಗಿದೆ. ಆ ಬುಧವಾರವೇ ಮಕ್ಕಳ ಹಣೆಗೆ ಬೂದಿ ಹಚ್ಚಿ ಕಳಿಸಿದ್ದರು. ಈಸ್ಟರ್ ತನಕ ಒಂದೊಂದು ಮಗುವೂ ತನಗೆ ಇಷ್ಟವಾದದ್ದನ್ನು ಚೂರು ಚೂರು ಬಿಡಬೇಕಂತೆ. ಬಿಟ್ಟದ್ದನ್ನು ಬೇರೆ ಯಾರಿಗಾದರೂ ಒಳ್ಳೆಯದಾಗಲಿ ಅಂತ ದೇವರಿಗೆ ಒಪ್ಪಿಸಬೇಕಂತೆ. ಸಿಸ್ಟರ ಮೇಜಿನ ಮೇಲೆ ಒಂದು ಗಾಜಿನ ಭರಣಿ ಇದೆ, ಪ್ರತಿಯೊಂದು ತ್ಯಾಗಕ್ಕೂ ಅದಕ್ಕೊಂದು ಕಾಳು ಹಾಕಬೇಕು. ನಮ್ಮವಳು ಹಾಲಿಗೆ ಸಕ್ಕರೆ ಹಾಕಿಕೊಳ್ಳುವುದನ್ನು ಬಿಟ್ಟಿದ್ದಾಳೆ. ಒಳ್ಳೆಯದೇ ಆಯಿತು ಅಂದುಕೊಂಡೆ, ಹಲ್ಲಾದರೂ ಉಳಿಯುತ್ತವೆ. ನಿನ್ನ ಕಾಗದ ಬಂದ ಮಾರನೇ ದಿನದಿಂದ ಹಾಲನ್ನೂ ಬಿಟ್ಟಿದ್ದಾಳೆ. ವಾಸನೆ ಬರುತ್ತೆ ಅನ್ನುತ್ತಾಳೆ. ಮಕ್ಕಳ ನಾಲಗೆ ಅಲ್ಲವೇ, ಒಂದು ವಾರಕ್ಕೆ ಸರಿಹೋಗುತ್ತದೆ.

ಯೂನಿಫಾರ್ಮಿನ ಲಂಗ ಸೊಂಟದಿಂದ ಜಾರುತ್ತಿತ್ತು. ನಿನ್ನೆ ಎರಡೂ ಕಡೆ ಹಿಡಿದು ಹೊಲಿದೆ. ಎತ್ತರ ಆಗುತ್ತಿದ್ದಾಳೆ, ಅದಕ್ಕೇ ಇರಬೇಕು. ಅಂಗಡಿಯಲ್ಲಿ ಎಲ್ಲರಿಗೂ ಸೊಂಟ ಬಿಡಿಸುವವಳು ಮನೆಯಲ್ಲಿ ಇವಳೊಬ್ಬಳಿಗೆ ಹಿಡಿಯುತ್ತಿದ್ದೇನೆ.

ನಿನ್ನ ತಂಗಿ


ಮಾರ್ಚ್ ೧೨

ತಂಗೀ,

ಹಾಲಿಗೆ ಒತ್ತಾಯ ಮಾಡಬೇಡ. ಅವಳ ವಯಸ್ಸಿನಲ್ಲಿ ನೀನು ಮೊಟ್ಟೆ ಕಂಡರೆ ಮಂಚದ ಕೆಳಗೆ ಸೇರುತ್ತಿದ್ದೆ.

ನನ್ನ ವಿಷಯ ಹೇಳು: ಅಮ್ಮ ತೋಟದ ತನಕ ನಡೆದುಹೋಗಿ ಕಲ್ಲುಬೆಂಚಿನ ಮೇಲೆ ಕೂತು ಬಂದಳು, ಯಾರೂ ಹಿಡಿದುಕೊಂಡಿರಲಿಲ್ಲ. ಅವಳಿಗೆ ಅದು ಇಷ್ಟವಾಗುತ್ತದೆ. ಬೆಂಚಿನ ಪಕ್ಕದಲ್ಲಿ ಒಂದು ಕುಂಟ ಬೆಕ್ಕು ಇತ್ತು ಅಂತಲೂ ಸೇರಿಸು.

ಹೆಚ್ಚು ಬರೆಯಲಾಗುವುದಿಲ್ಲ, ನರ್ಸ್ ದೀಪ ಆರಿಸುವ ಮೊದಲು ಕಾಗದ ಕೊಡಬೇಕು.

ಅಕ್ಕ


ಮಾರ್ಚ್ ೨೪

ಅಕ್ಕಾ,

ಇದನ್ನು ಕೂತೇ ಓದು. ಮಗು ಈಗ ಪರವಾಗಿಲ್ಲ, ನನ್ನ ಎದುರಿನಲ್ಲೇ ಮಲಗಿದ್ದಾಳೆ.

ನಿನ್ನೆ ಅಂಗಡಿಗೆ ಶಾಲೆಯಿಂದ ಆಳು ಬಂದ. ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ಗುಂಡಿ ಬಿದ್ದುಬಿಟ್ಟಿದ್ದಳಂತೆ. ಕೈಯಲ್ಲಿದ್ದ ಕತ್ತರಿ ಇಡುವುದನ್ನೂ ಮರೆತು ಓಡಿದೆ. ಬೀದಿಯಲ್ಲಿ ಜನ ನನ್ನ ನೋಡಿ ದಾರಿ ಬಿಡುತ್ತಿದ್ದರು. ಯಾಕೆ ಅಂತ ಗೇಟಿನ ಹತ್ತಿರ ಹೋದ ಮೇಲೆ ಗೊತ್ತಾಯಿತು.

ಅವಳನ್ನು ಸ್ಟಾಫ್ ರೂಮಿನ ಬೆಂಚಿನ ಮೇಲೆ ಮಲಗಿಸಿದ್ದರು. ಸಿಸ್ಟರ್ ಅಲ್ಲೇ ಕೂತು ಗಾಳಿ ಬೀಸುತ್ತಿದ್ದರು. ನನಗಿಂತ ಚಿಕ್ಕವರು, ಒಳ್ಳೆಯ ಮುಖ. ನನ್ನನ್ನು ಸಮಾಧಾನಪಡಿಸಲೋ ಏನೋ, "ನಿಮ್ಮ ಹುಡುಗಿ ಅಂದ್ರೆ ನಮ್ಮ ಕ್ಲಾಸಿಗೇ ಹೆಮ್ಮೆ ಅಮ್ಮಾ. ಭರಣಿಯಲ್ಲಿ ಅರ್ಧಕ್ಕರ್ಧ ಅವಳದ್ದೇ ಕಾಳು" ಅಂದರು. ನಾನು ಅವಳ ಕಾಲು ತಣ್ಣಗಿದೆಯೇನೋ ಅಂತ ಶೂ ಬಿಚ್ಚಿದೆ. ಅಕ್ಕಾ, ಶೂ ಒಳಗೆ ಒಣ ಜೋಳದ ಕಾಳುಗಳಿದ್ದವು. ಎರಡರಲ್ಲೂ. ಕಾಲುಚೀಲ ಅಂಗಾಲಿಗೆ ಅಂಟಿಕೊಂಡಿತ್ತು, ಬಿಡಿಸಲು ನೀರು ಹಾಕಬೇಕಾಯಿತು. ಸಿಸ್ಟರ ಕೈಯಲ್ಲಿದ್ದ ಬೀಸಣಿಗೆ ನಿಂತೇಹೋಯಿತು.

"ಯಾರು ಹಾಕಿದ್ದು?" ಅಂದೆ.

"ನಾನೇ."

"ಯಾಕೆ ಬಂಗಾರಾ?"

"ಬಿಡೋಕೆ ಬೇರೆ ಏನೂ ಉಳಿದಿರ್ಲಿಲ್ಲ ಚಿಕ್ಕಮ್ಮಾ."

ಆಮೇಲೆ ಒಂದೊಂದಾಗಿ ಹೊರಬಿತ್ತು. ಸಕ್ಕರೆ ಬಿಟ್ಟ ದಿನ ನಿನ್ನ ಜ್ವರ ಇಳಿಯಿತು. ಹಾಲು ಬಿಟ್ಟ ಮೇಲೆ ನೀನು ತೋಟದ ತನಕ ನಡೆದೆ. ಅದಕ್ಕೆ ಡಬ್ಬಿಯ ಊಟ ಬಿಟ್ಟಳು. ದಿನಾ ಖಾಲಿ ಡಬ್ಬಿ ತೊಳೆದಿಡುತ್ತಿದ್ದ ನನಗೆ, ಆ ಊಟ ಶಾಲೆಯ ಹಿಂದಿನ ನಾಯಿಗೆ ಹೋಗುತ್ತಿತ್ತು ಅಂತ ಹೇಗೆ ಗೊತ್ತಾಗಬೇಕು? ರಾತ್ರಿಯ ಊಟದಲ್ಲೂ ಅರ್ಧ ಜೇಬಿಗೆ ಇಳಿಯುತ್ತಿತ್ತು. ನಾನು ಟೇಪು ಹಿಡಿದು ಬದುಕುವವಳು, ಕಣ್ಣೆದುರಿಗೆ ಮಗು ಕರಗುತ್ತಿದ್ದರೆ ಎತ್ತರ ಆಗುತ್ತಿದ್ದಾಳೆ ಅಂದುಕೊಂಡೆ.

ನಾನು ಸಿಸ್ಟರ ಕಡೆ ತಿರುಗಿ, "ಏನು ಕಲಿಸ್ತಿದ್ದೀರಿ ನೀವು ಇವರಿಗೆ?" ಅಂತ ಕಿರುಚಿದೆ. ಅವರು, "ಒಂದು ಚಾಕಲೇಟು ಬಿಡಿ, ಒಂದು ಜಗಳ ಬಿಡಿ... ಅಷ್ಟೇ ಹೇಳಿದ್ದು ಅಮ್ಮಾ, ಅಷ್ಟೇ" ಅಂದರು. ಇವಳು ನಮ್ಮಿಬ್ಬರನ್ನೂ ನೋಡಿ, ಜಗಳ ಬಿಡಿಸುವವಳ ಹಾಗೆ ಹೇಳಿದಳು: "ಅಪ್ಪಂಗೆ ಹುಷಾರಿಲ್ಲದಾಗ ನಾನು ಎಲ್ಲಾನೂ ತಿಂದುಬಿಟ್ಟೆ. ಆಗ ನಂಗೆ ಯಾರೂ ಹೇಳಿಕೊಟ್ಟಿರ್ಲಿಲ್ಲ."

ಅಕ್ಕಾ, ತಿನ್ನು ಅಂದರೆ ಬಾಯಿ ಬಿಗಿ ಹಿಡಿಯುತ್ತಾಳೆ. ಒತ್ತಾಯಕ್ಕೆ ತಿಂದದ್ದನ್ನು ಹಿತ್ತಿಲಿಗೆ ಹೋಗಿ ಕಕ್ಕುತ್ತಾಳೆ. ಬಡಾವಣೆಯ ಡಾಕ್ಟರು ಗ್ಲೂಕೋಸ್ ಕೊಟ್ಟು, ಹೀಗೇ ಇದ್ದರೆ ಆಸ್ಪತ್ರೆಗೆ ಸೇರಿಸಬೇಕು ಅಂದಿದ್ದಾರೆ. ನೀನೇ ಬರಿ. ಅಮ್ಮ ವಾಸಿಯಾಗುತ್ತಿದ್ದಾಳೆ, ಇನ್ನು ಸಾಕು ಅಂತ ಬರಿ.

ನಿನ್ನ ತಂಗಿ


ಮಾರ್ಚ್ ೨೯

ತಂಗೀ,

ನಾನು ವಾಸಿಯಾಗುತ್ತಿಲ್ಲ.

ಜ್ವರ ಯಾವ ಬುಧವಾರವೂ ಇಳಿಯಲಿಲ್ಲ. ತೋಟ ನಾನು ಮಲಗಿದಲ್ಲಿಂದ ಕಾಣುತ್ತದೆ, ಬೆಂಚೂ ಕಾಣುತ್ತದೆ. ಬೆಕ್ಕು ನಿಜ. ನಡೆದದ್ದು ಸುಳ್ಳು. ಮಗು ನೆಮ್ಮದಿಯಾಗಿರಲಿ ಅಂತ ಹೇಳಿದ ಸುಳ್ಳು ಅದು. ಒಂದೊಂದು ಸುಳ್ಳಿಗೂ ಅವಳು ಒಂದೊಂದು ಊಟ ಕೊಟ್ಟಿದ್ದಾಳೆ.

ಎಡಗಡೆಯ ಶ್ವಾಸಕೋಶ ಕೆಲಸಕ್ಕೆ ಬಾರದಂತಾಗಿದೆ. ಏಪ್ರಿಲ್ ಕೊನೆಯ ವಾರ ಆಪರೇಷನ್. ಬದುಕುತ್ತೇನಾ ಅಂತ ಡಾಕ್ಟರನ್ನು ಕೇಳಿದೆ. ಅವರು ಕನ್ನಡಕ ಒರೆಸಿಕೊಂಡರು. ಬಸ್ಸಿನಲ್ಲಿ ಎಷ್ಟೋ ಜನರ ಮುಖ ನೋಡಿದವಳು ನಾನು, ಟಿಕೆಟ್ ಇಲ್ಲದವನು ಕಿಟಕಿಯ ಕಡೆ ತಿರುಗುವುದು ಗೊತ್ತು.

ಈಗ ನನಗೆ ದಿಕ್ಕು ತೋಚುತ್ತಿಲ್ಲ. ವಾಸಿಯಾಗುತ್ತಿದ್ದೇನೆ ಅಂದರೆ ತನ್ನ ತ್ಯಾಗದಿಂದಲೇ ಅಂತ ಅವಳು ಇನ್ನಷ್ಟು ಬಿಡುತ್ತಾಳೆ. ಇಲ್ಲ ಅಂದರೆ ಸಾಲಲಿಲ್ಲ ಅಂತ ನೀರನ್ನೂ ಬಿಡುತ್ತಾಳೆ. ಯಾವ ಮಾತು ಆಡಿದರೂ ಅವಳ ತಟ್ಟೆಗೇ ಹೋಗಿ ತಗಲುತ್ತದೆ. ಇಲ್ಲಿ ಒಂದೇ ಫೋನು, ಅದೂ ಆಫೀಸಿನೊಳಗೆ. ಕೈಗೆ ಸಿಕ್ಕಿದ್ದರೂ ಏನು ಹೇಳಲಿ? ಮಕ್ಕಳನ್ನು ಗೇಟಿನೊಳಗೆ ಬಿಡುವುದಿಲ್ಲ.

ನೀನು ಹತ್ತಿರ ಇದ್ದೀಯ. ನೀನು ಹೇಳು, ಏನು ಮಾಡೋಣ?

ಅಕ್ಕ


ಏಪ್ರಿಲ್ ೬

ಅಕ್ಕಾ,

ನಿನ್ನ ಕಾಗದವನ್ನು ಟ್ರಯಲ್ ರೂಮಿನ ಪರದೆ ಎಳೆದುಕೊಂಡು ಓದಿದೆ. ಹೊರಗೆ ಒಬ್ಬ ಗಿರಾಕಿ, "ಆಯ್ತೇನಮ್ಮಾ, ಆಯ್ತೇನಮ್ಮಾ?" ಅನ್ನುತ್ತಲೇ ಇದ್ದ.

ನಿನ್ನೆ ಈಸ್ಟರ್ ಆಯಿತು. ತಪಸ್ಸು ಮುಗಿಯಿತು, ಇನ್ನು ಇವಳೂ ಬಿಡುತ್ತಾಳೆ ಅಂತ ಆ ದಿನವನ್ನೇ ಕಾದುಕೊಂಡು ಕೂತಿದ್ದೆ. ಭರಣಿಯ ಕಾಳೆಲ್ಲ ಮಿಠಾಯಿಗಳಾಗಿದ್ದವು. ಸಿಸ್ಟರೇ ಬದಲಾಯಿಸಿಟ್ಟಿದ್ದು, ಆದರೆ ಮಕ್ಕಳಿಗೆ ಅದೊಂದು ಪವಾಡ. ಇವಳು ತನ್ನ ಪಾಲನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಬಂದು, "ಅಮ್ಮ ಬಂದ ಮೇಲೆ" ಅಂತ ಎತ್ತಿಟ್ಟಳು. ದಿನಕ್ಕೆ ಒಂದು ಚೂರು ಬ್ರೆಡ್ಡು, ಸ್ವಲ್ಪ ಸೂಪು, ಅಷ್ಟೇ ಒಳಗೆ ಹೋಗುತ್ತಿರುವುದು. ಅದೂ ಡಾಕ್ಟರು ಸೂಜಿ ತೋರಿಸಿದ ಮೇಲೆ.

ಸಂಜೆ ಸಿಸ್ಟರ್ ಮನೆಗೆ ಬಂದರು. ಗುಂಡಿಯನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಅವರಿಗೆ ನಿನ್ನ ವಿಷಯ ಹೇಳಿಬಿಟ್ಟೆ. ಯಾರಿಗಾದರೂ ಹೇಳದಿದ್ದರೆ ಎದೆ ಒಡೆಯುತ್ತಿತ್ತು. ಅವರು ಅಂದದ್ದು ಒಂದೇ: "ಮಗುವಿಗೆ ನಿಜ ಹೇಳಿ."

ನನಗೆ ಮೈಯೆಲ್ಲ ಉರಿಯಿತು. "ನೀವು ಹಚ್ಚಿದ ಬೆಂಕಿ ಇದು. ನಿಜ ಹೇಳಿದ್ರೆ, ಮಗು ನಾಳೆ ಊಟ ಮಾಡಿ, ನಾಡಿದ್ದು ಅವಳಮ್ಮ ಆಪರೇಷನ್ ಮೇಜಿನ ಮೇಲೇ ಹೋಗಿಬಿಟ್ರೆ? ನಾನು ತಿಂದಿದ್ದಕ್ಕೇ ಅಮ್ಮ ಸತ್ತಳು ಅಂತ ಜೀವಮಾನ ಪೂರ್ತಿ ಅವಳ ಗಂಟಲಲ್ಲಿ ಒಂದು ತುತ್ತು ಇಳಿಯುತ್ತಾ?" ಅಂದೆ.

"ಅದಕ್ಕೇ ಮೊದಲೇ ಹೇಳ್ಬೇಕು" ಅಂದರು. "ಆಪರೇಷನ್ ದಿನ ಮುಚ್ಚಿಟ್ಟರೆ, ದೊಡ್ಡವಳಾದ ಮೇಲೆ ಅವಳೇ ಲೆಕ್ಕ ಹಾಕ್ತಾಳೆ. ಆಗ ಪಕ್ಕದಲ್ಲಿ ನಾವು ಯಾರೂ ಇರಲ್ಲ."

ಬಾಗಿಲು ತೋರಿಸಿದೆ. ಹೊರಟುಹೋದರು. ಈಗ ಯೋಚಿಸಿದರೆ ಅವರು ಹೇಳಿದ್ದು ತಪ್ಪು ಅಂತ ಅನ್ನಿಸುತ್ತಿಲ್ಲ, ಆದರೆ ನನಗೆ ಅಷ್ಟು ಧೈರ್ಯ ಇಲ್ಲ. ನನ್ನ ಕೈಯಲ್ಲಾದರೆ ಆ ವಾರವನ್ನೇ ಕ್ಯಾಲೆಂಡರಿನಿಂದ ಹರಿದು ಒಲೆಗೆ ಹಾಕುತ್ತಿದ್ದೆ. ಅವಳು ನಿನ್ನ ಮಗಳು. ನೀನೇ ತೀರ್ಮಾನ ಮಾಡು.

ನಿನ್ನ ತಂಗಿ


ಏಪ್ರಿಲ್ ೧೪

ನನ್ನ ಗುಂಡೀ,

ಇದು ನಿನಗೇ ಬರೆದ ಕಾಗದ. ಗೊತ್ತಾಗದ ಅಕ್ಷರ ಇದ್ದರೆ ಚಿಕ್ಕಮ್ಮನನ್ನು ಕೇಳು. ಅವಳು ಅತ್ತರೆ ನಿಲ್ಲಿಸುವ ತನಕ ಕಾಯಿ.

ಅಮ್ಮ ನಿನಗೆ ಸುಳ್ಳು ಹೇಳಿದ್ದಾಳೆ. ಜ್ವರ ಇಳಿದಿದೆ ಅಂದದ್ದು ಸುಳ್ಳು. ತೋಟದ ತನಕ ನಡೆದೆ ಅಂದದ್ದೂ ಸುಳ್ಳು. ನೀನು ಸಕ್ಕರೆ ಬಿಟ್ಟ ದಿನ ನನಗೆ ಜ್ವರ ಇತ್ತು. ಹಾಲು ಬಿಟ್ಟ ಮೇಲೂ ಇತ್ತು. ಶೂ ಒಳಗೆ ಕಾಳು ಹಾಕಿಕೊಂಡು ನೀನು ನಡೆದ ದಿನಗಳಲ್ಲೂ ಇತ್ತು, ಇವತ್ತೂ ಇದೆ. ನೀನು ಮಾಡಿದ್ದು ನನ್ನ ಕಾಯಿಲೆಯ ತನಕ ಬರಲೇ ಇಲ್ಲ ಮಗಳೇ. ನೀನು ಕಮ್ಮಿ ಬಿಟ್ಟೆ ಅಂತಲ್ಲ. ಅದಕ್ಕೂ ಇದಕ್ಕೂ ದಾರಿಯೇ ಇಲ್ಲ. ನಮ್ಮ ಹಳದಿ ಬಸ್ಸು ಎಷ್ಟು ವೇಗವಾಗಿ ಹೋದರೂ ಸಮುದ್ರ ದಾಟುತ್ತದಾ? ಹಾಗೆ.

ಅಪ್ಪನ ವಿಷಯ. ಅಪ್ಪನ ಕಾಯಿಲೆಗೆ ನಿನ್ನ ತಟ್ಟೆ ಕಾಣುತ್ತಿರಲಿಲ್ಲ. ನೀನು ತಿಂದಾಗ ಅಪ್ಪನಿಗೆ ಸಂತೋಷವಾಗುತ್ತಿತ್ತು. ಮಲಗಿದಲ್ಲಿಂದಲೇ, "ಅವಳು ಅಗಿಯೋ ಸದ್ದು ಕೇಳ್ತಿದೆ" ಅನ್ನುತ್ತಿದ್ದರು. ಇದು ಸುಳ್ಳಲ್ಲ. ಇದನ್ನು ಆಗಲೇ ಹೇಳಬೇಕಿತ್ತು, ಅಳು ಬರುತ್ತದೆ ಅಂತ ಹೇಳಲಿಲ್ಲ.

ಇಪ್ಪತ್ತೆಂಟನೇ ತಾರೀಖು ಡಾಕ್ಟರು ನನ್ನ ಎದೆಗೆ ಆಪರೇಷನ್ ಮಾಡುತ್ತಾರೆ. ನಾನು ಹುಷಾರಾಗಬಹುದು. ಆಗದೆಯೂ ಇರಬಹುದು. ಸತ್ತುಹೋಗಲೂಬಹುದು. ನನಗೂ ಭಯ ಇದೆ. ಏನೇ ಆದರೂ ಅದು ನೀನು ತಿಂದದ್ದಕ್ಕೆ ಆಗುವುದಲ್ಲ, ತಿನ್ನದೆ ಇದ್ದದ್ದಕ್ಕೂ ಆಗುವುದಲ್ಲ. ಇದನ್ನು ನಿನ್ನ ಅಮ್ಮ ಹೇಳಿದ್ದಾಳೆ ಅಂತ ನೆನಪಿಟ್ಟುಕೋ. ಯಾರು ಬೇರೆ ಹೇಳಿದರೂ, ನಿನ್ನ ತಲೆಯೇ ಬೇರೆ ಹೇಳಿದರೂ ನಂಬಬೇಡ.

ತಮ್ಮ ಹೊಟ್ಟೆ ಕಟ್ಟಿ ಮಕ್ಕಳನ್ನು ಸಾಕುವುದು ಅಮ್ಮಂದಿರ ಕೆಲಸ, ಮಕ್ಕಳದ್ದಲ್ಲ. ನನ್ನ ಕೆಲಸ ನೀನು ಕಿತ್ತುಕೊಳ್ಳಬೇಡ.

ನನ್ನ ಮೇಲೆ ಸಿಟ್ಟು ಬಂದರೆ ಸಿಟ್ಟು ಮಾಡಿಕೋ.

ನಿನ್ನ ಅಮ್ಮ


ಏಪ್ರಿಲ್ ೨೦

ಗುಂಡಿಯ ತಾಯಿಯವರಿಗೆ,

ನಾನು ನಿಮ್ಮ ಮಗಳಿಗೆ ಪಾಠ ಹೇಳುವವಳು. ನಿಮ್ಮ ತಂಗಿ ನೀವು ಮಗುವಿಗೆ ಬರೆದದ್ದನ್ನು ನನಗೆ ತೋರಿಸಿದರು. ಅದನ್ನು ಓದಿದ ಮೇಲೆ ನಾನು ಸುಮ್ಮನಿರುವುದು ಸರಿಯಲ್ಲ.

ಈ ವಾರ ಮಕ್ಕಳನ್ನು ಒಬ್ಬೊಬ್ಬರಾಗಿ ಪಕ್ಕಕ್ಕೆ ಕೂರಿಸಿಕೊಂಡು, ಭರಣಿಗೆ ಕಾಳು ಹಾಕುವಾಗ ಏನು ಕೇಳಿಕೊಂಡೆ ಅಂತ ವಿಚಾರಿಸಿದೆ. ಇಷ್ಟು ದಿನ ಕೇಳಿರಲಿಲ್ಲ. ಭರಣಿ ತುಂಬುತ್ತಿದೆ ಅಂತ ಸಂತೋಷಪಡುತ್ತಿದ್ದೆ. ಒಬ್ಬಳು ಅಪ್ಪ ಕುಡಿದು ಬಂದು ಬಾಗಿಲು ಒದೆಯದಿರಲಿ ಅಂತ ಹಾಕಿದ್ದಳು. ಒಬ್ಬ ಹುಟ್ಟಲಿರುವ ತಮ್ಮ ಹೋದ ಸಲದ ಹಾಗೆ ಸಾಯದಿರಲಿ ಅಂತ. ಇನ್ನೊಬ್ಬಳು ನನ್ನ ಜಪಸರದ ಮಣಿಗಳನ್ನು ಎಣಿಸುತ್ತಾ ಕೂತುಬಿಟ್ಟಳು. ಏಳು ವರ್ಷದ ಮಕ್ಕಳು ಅಷ್ಟು ಭಾರ ಹೊತ್ತುಕೊಂಡು ನನ್ನ ಮುಂದೆ ಕೂತು ಗುಣಾಕಾರ ಕಲಿಯುತ್ತಿದ್ದರು.

ಪ್ರೀತಿಯಿಂದ ಬಿಡುವುದನ್ನು ಕಲಿಸಬೇಕು ಅಂದುಕೊಂಡಿದ್ದೆ. ಅವರು ಕಲಿತದ್ದು ಭಯದಿಂದ ಬಿಡುವುದನ್ನು. ಇಡೀ ಕ್ಲಾಸಿನ ಮುಂದೆ ಹೇಳಿದ್ದೇನೆ: ದೇವರು ಅಂಗಡಿಯವನಲ್ಲ, ನಿಮ್ಮ ಊಟ ತೆಗೆದುಕೊಂಡು ಅಮ್ಮನನ್ನು ಕೊಡುವವನಲ್ಲ, ಸಿಸ್ಟರ್ ಸರಿಯಾಗಿ ಕಲಿಸಲಿಲ್ಲ, ತಪ್ಪು ಸಿಸ್ಟರದ್ದು. ಆಗ ನಿಮ್ಮ ಮಗಳು ಎದ್ದು ನಿಂತು, "ಹಾಗಾದ್ರೆ ಪ್ರಾರ್ಥನೆ ಯಾಕೆ ಮಾಡೋದು ಸಿಸ್ಟರ್?" ಅಂದಳು. ಒಬ್ಬರೇ ಹೆದರಿಕೊಂಡು ಕೂರಬಾರದು ಅಂತ, ಅಂದೆ. ಅದು ಸಾಕಾಯಿತೋ ಇಲ್ಲವೋ ತಿಳಿಯದು. ಅವಳು ಕೂತಳು, ಅಷ್ಟೇ.

ಇಪ್ಪತ್ತೆಂಟರಂದು ನಿಮ್ಮ ತಂಗಿ ಒಪ್ಪಿದರೆ ಅವರ ಮನೆಯಲ್ಲಿರುತ್ತೇನೆ. ನನಗೂ ಭಯವಾಗಿದೆ ಎಂಬುದನ್ನು ಮುಚ್ಚಿಡುವುದಿಲ್ಲ.

ಎರಡನೇ ಕ್ಲಾಸಿನ ಸಿಸ್ಟರ್


ಏಪ್ರಿಲ್ ೨೮

ಅಕ್ಕಾ,

ಇದನ್ನು ನೀನು ಓದುತ್ತೀಯೋ ಇಲ್ಲವೋ ಗೊತ್ತಿಲ್ಲದೆ ಬರೆಯುತ್ತಿದ್ದೇನೆ. ಸುಮ್ಮನೆ ಕೂರಲು ಆಗುವುದಿಲ್ಲ. ಅಂಗಡಿ ಬಾಗಿಲು ತೆಗೆದಿಲ್ಲ. ಆಪರೇಷನ್ ಬೆಳಿಗ್ಗೆಯೇ ಶುರುವಾಗಿರಬೇಕು. ಈಗ ಮಧ್ಯಾಹ್ನ.

ನಿನ್ನ ಕಾಗದ ಅವಳೇ ಓದಿದಳು, ಬೆರಳಿಟ್ಟುಕೊಂಡು. ಓದಿ ಮುಗಿಸಿ ಅದನ್ನು ನೆಲಕ್ಕೆ ಎಸೆದಳು. "ಎಲ್ಲಾ ದಂಡ! ನಾನು ಅಷ್ಟೆಲ್ಲಾ ಬಿಟ್ಟಿದ್ದು ದಂಡ! ಅಮ್ಮ ಸುಳ್ಳಿ!" ಅಂತ ಕೂಗಿದಳು. ಕರ್ಚೀಫು ಬಿಚ್ಚಿ ಮಿಠಾಯಿಗಳನ್ನು ಗೋಡೆಗೆ ಬೀಸಿದಳು. ಹಿಡಿಯಲು ಹೋದವಳ ಕೈಗೆ ಕಚ್ಚಿದಳು, ಗುರುತು ಇನ್ನೂ ಇದೆ. ಅಷ್ಟು ಚಿಕ್ಕ ಮೈಯಲ್ಲಿ ಅಷ್ಟು ಸಿಟ್ಟು ಎಲ್ಲಿತ್ತೋ! ಆಮೇಲೆ ನಾಲ್ಕೈದು ದಿನ ನನ್ನ ಜೊತೆ ಮಾತಿಲ್ಲ. ಆದರೆ ಒಂದು ಬೆಳಿಗ್ಗೆ ತಾನಾಗಿಯೇ ಸ್ಟೂಲು ಎಳೆದುಕೊಂಡು ಬಂದು, "ಹಾಲು" ಅಂದಳು. ಅವಳೇ ಸಕ್ಕರೆ ಡಬ್ಬಿಗೆ ಕೈ ಹಾಕಿ ಹಾಕಿಕೊಂಡಳು. ಕುಡಿದ ಮೇಲೆ ಬಾಗಿಲ ಕಡೆಯೇ ನೋಡುತ್ತಾ ಕೂತಳು, ಯಾರೋ ಈಗಲೇ ಕೆಟ್ಟ ಸುದ್ದಿ ತರುತ್ತಾರೆ ಅನ್ನುವ ಹಾಗೆ. ಯಾರೂ ಬರಲಿಲ್ಲ. ಮಾರನೇ ದಿನವೂ ಕುಡಿದಳು.

ಇವತ್ತು ಸಿಸ್ಟರ್ ಬೆಳಿಗ್ಗೆಯೇ ಬಂದರು. ನಾನೇ ಕುರ್ಚಿ ಎಳೆದುಕೊಟ್ಟೆ. ಈರುಳ್ಳಿ ಹೆಚ್ಚಿಕೊಟ್ಟರು, ಬಹಳ ಕೆಟ್ಟದಾಗಿ. ಮೂವರಿಗೂ ತಟ್ಟೆ ಹಾಕಿದೆ. ಗುಂಡಿ ಒಂದು ತುತ್ತು ಬಾಯಿಗಿಟ್ಟು ಬಹಳ ಹೊತ್ತು ಅಗಿದಳು. ಇನ್ನೊಂದು. ಇನ್ನೊಂದು. ನಾನು ಅವಳನ್ನೇ ನೋಡುತ್ತಿದ್ದೆ, ನನ್ನ ಕೈ ತಟ್ಟೆಯ ಮೇಲೇ ಇತ್ತು. ನಿಜ ಹೇಳಬೇಕೆಂದರೆ, ಅಕ್ಕನ ಆಪರೇಷನ್ ಮುಗಿಯುವ ತನಕ ಒಂದು ಹನಿ ಮುಟ್ಟಬಾರದು ಅಂತ ನಿನ್ನೆಯೇ ಮನಸ್ಸಿನಲ್ಲಿ ಅಂದುಕೊಂಡುಬಿಟ್ಟಿದ್ದೆ. ಯಾರ ಹತ್ತಿರ ಹರಕೆ ಹೊತ್ತೆನೋ ನನಗೇ ಗೊತ್ತಿಲ್ಲ. ಭರಣಿಯಂತೂ ಇರಲಿಲ್ಲ.

ಅವಳು ಕಂಡುಹಿಡಿದುಬಿಟ್ಟಳು. "ಚಿಕ್ಕಮ್ಮಾ, ನೀನು ಅಮ್ಮನಿಗೋಸ್ಕರ ಬಿಟ್ಟಿದ್ದೀಯಾ?"

ಸುಳ್ಳು ಹೇಳೋಣ ಅಂತ ಬಾಯಿ ತೆರೆದೆ. ಆಗಲಿಲ್ಲ. ಹೂಂ ಅಂದೆ.

"ಅದು ಅಲ್ಲಿಗೆ ಹೋಗಲ್ಲ" ಅಂದಳು. "ನಾನು ನೋಡಿದೀನಿ. ತಿನ್ನು."

ತಿಂದೆ ಅಕ್ಕಾ. ಉಪ್ಪಿತ್ತೋ ಇಲ್ಲವೋ ತಿಳಿಯಲಿಲ್ಲ. ಸಿಸ್ಟರೂ ತಿಂದರು. ಊಟ ಮುಗಿದ ಮೇಲೆ ಅವಳು ಸಿಂಕಿನ ಹತ್ತಿರ ನಿಂತು, ನಮ್ಮ ಕಡೆ ತಿರುಗದೆ, "ಈಗ ಅಮ್ಮ ಸತ್ತುಹೋದ್ರೆ ನನ್ನಿಂದ ಅಲ್ಲ ಅಲ್ವಾ?" ಅಂದಳು.

"ಅಲ್ಲ" ಅಂದೆ.

"ಇನ್ನೊಂದ್ಸಲ ಹೇಳು."

ಅಲ್ಲ, ಅಲ್ಲ, ಅಲ್ಲ ಅಂದೆ. ಸಿಸ್ಟರೂ ಅಂದರು. ಈಗ ಅವರಿಬ್ಬರೂ ಮೆಟ್ಟಿಲ ಮೇಲೆ ಕೂತು ಅಂಚೆಯವನ ದಾರಿ ನೋಡುತ್ತಿದ್ದಾರೆ. ಇವತ್ತು ಏನೂ ಬರುವುದಿಲ್ಲ ಅಂತ ಮೂವರಿಗೂ ಗೊತ್ತು.

ನಿನ್ನ ತಂಗಿ


ಮೇ ೧೭

ತಂಗೀ,

ಇದು ನರ್ಸಿನ ಕೈಬರಹ, ಮಾತು ನನ್ನದು. ಬದುಕಿದ್ದೇನೆ ಅಂತ ಆಸ್ಪತ್ರೆಯವರು ಆಗಲೇ ತಂತಿ ಕಳಿಸಿದ್ದಾರಂತೆ. ಹಾಗಾಗಿ ಅದು ನಿನಗೆ ಹಳೆಯ ಸುದ್ದಿ. ನನಗಿನ್ನೂ ಹೊಸದು.

ಪಕ್ಕೆಯ ಎಲುಬುಗಳಲ್ಲಿ ಕೆಲವನ್ನು ತೆಗೆದಿದ್ದಾರೆ. ಒಂದು ಕಡೆ ಮೈ ಕುಸಿದಿದೆ. ನನ್ನ ರವಿಕೆಗಳನ್ನೆಲ್ಲ ನೀನು ಹೊಸದಾಗಿ ಕತ್ತರಿಸಬೇಕಾಗುತ್ತದೆ. ಮಾತಾಡಿದರೆ ಹಿತ್ತಿಲ ಪೈಪಿನಲ್ಲಿ ಗಾಳಿ ಹೋದ ಹಾಗೆ ಸದ್ದು. ಇನ್ನು ಬಸ್ಸಿನಲ್ಲಿ ಸ್ಟಾಪು ಕೂಗುವುದು ಆಗದು, ಡಿಪೋದಲ್ಲಿ ಕೂತು ಮಾಡುವ ಕೆಲಸ ಏನಾದರೂ ಕೇಳಬೇಕು. ನಿನ್ನ ಇಪ್ಪತ್ತೆಂಟರ ಕಾಗದವನ್ನು ನರ್ಸ್ ಓದಿ ಹೇಳಿದಳು. ಅವಳೇ ನಡುವೆ ನಿಲ್ಲಿಸಿ ಮುಖ ತೊಳೆದುಕೊಂಡು ಬಂದಳು.

ಈಗ ಕೇಳು. ಬಲಗಡೆಯ ಶ್ವಾಸಕೋಶದಲ್ಲೂ ಒಂದು ಚುಕ್ಕೆ ಕಾಣಿಸುತ್ತಿದೆಯಂತೆ. ನಿನ್ನೆ ಹೇಳಿದರು. ಔಷಧಕ್ಕೆ ಕರಗಬಹುದು, ಬೆಳೆಯಲೂಬಹುದು. ಮಳೆಗಾಲ ಮುಗಿಯುವ ತನಕ ಏನೂ ಹೇಳಲಾಗದು ಅನ್ನುತ್ತಾರೆ. ಈ ಸಲ ಡಾಕ್ಟರು ಕನ್ನಡಕ ಒರೆಸಲಿಲ್ಲ, ನನ್ನನ್ನೇ ನೋಡಿ ಹೇಳಿದರು. ಅಷ್ಟಕ್ಕೇ ಅವರ ಮೇಲೆ ಗೌರವ ಬಂತು.

ಇದನ್ನೂ ಗುಂಡಿಗೆ ಓದಿ ಹೇಳು. ನಿನಗೆ ಮುಚ್ಚಿಡಬೇಕು ಅನ್ನಿಸುತ್ತದೆ, ನನಗೂ ಅನ್ನಿಸಿತು, ಬೆಳಗಿನಿಂದ ನರ್ಸಿಗೆ ಬೇರೆ ಬೇರೆ ಮಾತು ಬರೆಸಿ ಹರಿಸಿದ್ದೇನೆ. ಬೇಡ. ಊಟ ಆದ ಮೇಲೆ ಹೇಳೋಣ ಅಂತಲೂ ಅಂದುಕೊಳ್ಳಬೇಡ. ಊಟಕ್ಕೆ ಮುಂಚೆಯೇ ಹೇಳು. ಅಳುವಷ್ಟು ಅಳಲಿ, ಕೇಳುವಷ್ಟು ಕೇಳಲಿ.

ಆಮೇಲೆ ತಟ್ಟೆ ಹಾಕು.

ಅಕ್ಕ